ಮಳೆಗೆ ಕರಗದ ಗೋಡೆ

ಬನ್ನಿ, ಬನ್ನಿ, ಒತ್ತಿಕೊಂಡು ಕೂತ್ಕೊಳ್ಳಿ. ಆ ಚಾಪೆ ತುದಿ ಯಾಕೆ ಖಾಲಿ ಬಿಟ್ಟಿದೀರಿ, ಇತ್ತ ಸರೀರಿ. ಕಾಲು ಚಾಚೋರು ಚಾಚಿ, ಆದರೆ ನಡುವೆ ಎದ್ದು ಹೋಗೋರು ಈಗಲೇ ಹೋಗಿಬನ್ನಿ. ಹೂಂಗುಟ್ಟೋಕೆ ಒಬ್ಬರು ಬೇಕು. ಹೂಂ ಅನ್ನೋರಿಲ್ಲದಿದ್ದರೆ ನನ್ನ ಕಥೆ ದಾರಿಯಲ್ಲೇ ಕೂತುಬಿಡುತ್ತೆ. ಇದು ನಮ್ಮಜ್ಜಿ ಹೇಳಿದ್ದು. ಆಕೆಗೆ ಹಡಗಲ್ಲಿ ಹೋಗಿಬಂದ ಯಾರೋ ಹೇಳಿದ್ದರಂತೆ.

ಏಳು ಸಮುದ್ರ ದಾಟಿ ತೆಂಕಲ ದಿಕ್ಕಿಗೆ ಹೋದರೆ ದಕ್ಷಿಣ ಆಫ್ರಿಕಾ ಅಂತ ಒಂದು ನಾಡಂತೆ. ಆ ನಾಡಿನಲ್ಲಿ ಒಂದು ಊರಂತೆ. ಅದರ ಹೆಸರು ನನ್ನ ನಾಲಿಗೆಗೆ ಹತ್ತೋದಿಲ್ಲ, ನಾವು ತುಂತುರೂರು ಅಂದುಕೊಳ್ಳೋಣ. ಯಾಕೆ ಅಂದರೆ, ಆ ಊರಿನ ಹಿಂದೆ ಮೊರದ ಹಾಗೆ ಬಾಗಿದ ಬೆಟ್ಟ. ಮೊರದ ಅಂಚಿನಿಂದ ಅಕ್ಕಿ ಸುರಿದ ಹಾಗೆ ನೀರು. ಒಂದು ಮೆಟ್ಟಿಲಲ್ಲ, ಎರಡು ಮೆಟ್ಟಿಲಲ್ಲ, ಐದು ಮೆಟ್ಟಿಲು ಇಳಿದು ಬೀಳುತ್ತಿತ್ತಂತೆ. ಅರ್ಧ ನೀರು ಕೆಳಗಿನ ಮಡುವಿನ ಪಾಲು, ಇನ್ನರ್ಧ ನೆಲ ಮುಟ್ಟೋಕೆ ಮುಂಚೆಯೇ ಗಾಳಿಯ ಪಾಲು. ಹಾಗಾಗಿ ವರ್ಷದ ಅಷ್ಟೂ ದಿನ ಊರ ಮೇಲೆ ತುಂತುರು ಹಾರುತ್ತಿತ್ತಂತೆ.

ಅಷ್ಟೇ ಅಲ್ಲ. ಊರ ಪಡುವಲಿಗೆ ಒಂದು ಬಾಗಿಲುಬಂಡೆ. ಬಂಡೆ ನಡುವೆ ತೂತು, ಸಂಜೆ ಸೂರ್ಯ ಬಗ್ಗಿಕೊಂಡು ಅದರೊಳಗೆ ತೂರಿ ಹೋಗುತ್ತಿದ್ದನಂತೆ. ಮೇಲಕ್ಕೆ ಹತ್ತಿದರೆ ಒಂದು ಗವಿ. ಗವಿ ಗೋಡೆ ತುಂಬಾ ಬಹಳ ಹಿಂದಿನ ಕಾಲದವರು ಕೆಂಪು ಮಣ್ಣಲ್ಲಿ ಬರೆದ ಜಿಂಕೆಗಳು. ದೀಪ ಹಿಡಿದರೆ ಜಿಂಕೆ ಓಡುತ್ತಿದ್ದವಂತೆ. ನೋಡೋರಿಗೆ ಎರಡು ಕಣ್ಣು ಸಾಲದು. ಊರಿನವರು ಮಾತ್ರ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ದಿನಾ ಕಾಣೋ ಸೊಬಗನ್ನ ಯಾರು ನೋಡ್ತಾರೆ ಹೇಳಿ?

ಆ ಊರಲ್ಲಿ ಒಬ್ಬಳು ಹುಡುಗಿ. ಹೆಸರು ಪುಲೆಂಗಿ. ಅವರ ಮಾತಲ್ಲಿ ‘ಮಳೆಯಲ್ಲಿ’ ಅಂತ ಅದರ ಅರ್ಥವಂತೆ. ಆ ನಾಡಿನಲ್ಲಿ ಇನ್ನೊಂದು ರೂಢಿ ಇದೆ. ಮಗು ಹುಟ್ಟಿತು ಅಂದರೆ ತಾಯಿಯ ಹೆಸರು ಹೋಯಿತು. ಮಗುವಿನ ಹೆಸರಿಗೆ ‘ಮಾ’ ಸೇರಿಸಿ ಕರೆಯೋದು. ಹಾಗಾಗಿ ಪುಲೆಂಗಿಯ ತಾಯಿಯನ್ನ ಊರೆಲ್ಲ ಮಾಪುಲೆಂಗಿ ಅಂತಿತ್ತು. ತಾಯಿಗೆ ಅವಳೊಬ್ಬಳೇ ಮಗಳು, ಮಗಳಿಗೆ ತಾಯಿಯೊಬ್ಬಳೇ ದಿಕ್ಕು.

ಒಂದು ದಿನ ತಪ್ಪಿಸಿಕೊಂಡ ಹೋರಿ ಹುಡುಕಿಕೊಂಡು ಸೆಲ್ಲೋ ಅನ್ನೋ ದನಗಾಹಿ ಆ ಊರಿಗೆ ಬಂದ. ಮನೆಗೋಡೆಗೆ ಮಣ್ಣು ಮೆತ್ತುತ್ತಿದ್ದ ಪುಲೆಂಗಿಯನ್ನ ನೋಡಿದ. ಹೋರಿ ಸಿಕ್ಕಿತೋ ಇಲ್ಲವೋ, ನಮ್ಮಜ್ಜಿ ಹೇಳಲಿಲ್ಲ. ಹುಡುಗಿ ಸಿಕ್ಕಿದಳು. ಎರಡೂ ಮನೆಯವರು ಒಪ್ಪಿದರು, ಮದುವೆಯಾಯಿತು.

ಸೆಲ್ಲೋನ ಊರು ಏಳು ದಿನದ ನಡಿಗೆ. ಅದಕ್ಕೆ ಬಯಲೂರು ಅನ್ನೋಣ. ಹಲಗೆಯ ಹಾಗೆ ಚಪ್ಪಟೆ ನೆಲ. ಗುಡ್ಡ ಇಲ್ಲ, ದಿಬ್ಬ ಇಲ್ಲ. ನಿಂತುಕೊಂಡರೆ ನಿಂತವರೇ ಎತ್ತರ. ಪುಲೆಂಗಿಗೆ ಅಲ್ಲಿ ಎಲ್ಲಕ್ಕಿಂತ ಕಷ್ಟವಾಗಿದ್ದು ಕಿವಿಗೆ. ಹುಟ್ಟಿದಾಗಿಂದ ನೀರಿನ ಮೊರೆತ ಕೇಳಿದ ಕಿವಿ ಅದು. ಇಲ್ಲಿ ಕಿವಿಗೆ ಏನೂ ಬೀಳದೆ, ಖಾಲಿ ಮಡಕೆ ಹಾಗೆ ಗುಂಯ್ ಅಂತಿತ್ತಂತೆ.

ಸೆಲ್ಲೋನ ತಾಯಿ ಮಾಸೆಲ್ಲೋ ಗಟ್ಟಿ ಹೆಂಗಸು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹೊಸ ಸೊಸೆಯನ್ನ ನೋಡೋಕೆ ನೆರೆಹೊರೆ ಹೆಂಗಸರೆಲ್ಲ ಬಂದು ಕೂತಿದ್ದಾಗ ಕೇಳಿದಳಂತೆ.

“ನಿಮ್ಮೂರಲ್ಲಿ ಏನಿದೆಯೇ ಹುಡುಗಿ?”

“ನೀರು ನಿಂತಿದೆ ಅತ್ತೆಮ್ಮ.”

“ನಮ್ಮ ಕೆರೆಯಲ್ಲೂ ನಿಂತಿದೆ.”

“ಹಂಗಲ್ಲ. ಎದ್ದು ನಿಂತಿದೆ. ಬೆಟ್ಟದಷ್ಟೆತ್ತರಕ್ಕೆ.”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ತಾಯಿ, ನಿಮ್ಮೂರ ನೀರಿಗೆ ಕಾಲಿದೆಯೇನೇ?” ಅಂದಳು ನೆರೆಮನೆ ಮುದುಕಿ. ಬಾಗಿಲುಬಂಡೆ ಹೇಳಿದರೆ, “ಬೀಗ ಯಾರ ಹತ್ತಿರ ಇದೆ?” ಅಂದರು. ಓಡೋ ಜಿಂಕೆ ಹೇಳಿದರೆ, “ಹಿಡಿದು ಸಾರು ಮಾಡಲಿಲ್ಲವೇ?” ಅಂದರು. “ನಾನೂ ಕಂಡೆ,” ಅಂತ ಸೆಲ್ಲೋ ಅಂದರೆ, “ಹೆಂಡತಿ ಮಾತಿಗೆ ತಾಳ ಹಾಕ್ತಾನೆ,” ಅಂತ ಅವನನ್ನೂ ನೋಡಿ ನಕ್ಕರು. ಅಂದಿನಿಂದ ಅವಳಿಗೆ ‘ನೀರಿಗೆ ಕಾಲಿರೋ ಊರಿನವಳು’ ಅಂತ ಹೆಸರಾಯಿತು. ಬಯಲೂರ ಹೆಂಗಸರು ಬೆಟ್ಟ ಕಂಡವರಲ್ಲ, ಪಾಪ. ಅವರ ತಪ್ಪೂ ಅಲ್ಲ.

ಈಗ ಆ ಊರಿನ ಕಟ್ಟಳೆ ಕೇಳಿ, ಕಥೆ ಇರೋದೇ ಅದರಲ್ಲಿ. ಪ್ರತಿ ವರ್ಷ ಮನೆಯ ಮುಂಗೋಡೆಗೆ ಮಣ್ಣು ಸಗಣಿ ಕಲಸಿ ಮೆತ್ತಬೇಕು, ಹೊಸ ಸೊಸೆ ಬಂದರೆ ಆ ಕೆಲಸ ಅವಳದು. ಹಸಿ ಇರುವಾಗಲೇ ಬೆರಳಿನಿಂದ ಚಿತ್ತಾರ ಗೀರಬೇಕು. ಉತ್ತ ಸಾಲು, ಬಿತ್ತಿದ ಕಾಳು, ದನದ ಹೆಜ್ಜೆ. ಮನೆಗೆ ಏನು ಬೇಕೋ ಅದನ್ನ ಬರೆಯೋದು. ಅದು ಹಿರೀಕರಿಗೆ ಮಾಡೋ ಬೇಡಿಕೆ. ಮಳೆ ಬಂದು ಚಿತ್ತಾರ ಕರಗಿ ಹರಿದು ಹೋದರೆ ಹಿರೀಕರು ಬೇಡಿಕೆ ತಗೊಂಡರು ಅಂತ ಲೆಕ್ಕ. ಮಳೆಯೇ ತೊಳೀಬೇಕು. ಕೈಯಲ್ಲಿ ಒರೆಸೋ ಹಾಗಿಲ್ಲ, ಕೆರೆ ನೀರು ಕೊಡದಲ್ಲಿ ತಂದು ಸುರಿಯೋ ಹಾಗಿಲ್ಲ, ನೆಲದ ಮೇಲಿನ ಯಾವ ನೀರೂ ಆಗೋದಿಲ್ಲ. ಆ ಮೊದಲ ಗೋಡೆ ಕರಗೋ ತನಕ ಸೊಸೆ ತವರಿಗೆ ಹೋಗೋ ಹಾಗಿಲ್ಲ. ತವರವರು ಇತ್ತ ಕಾಲಿಡೋ ಹಾಗಿಲ್ಲ. ಮೀರಿ ಎಲ್ಲೆ ದಾಟಿದಳು ಅಂದರೆ ಗಂಡನ ಮನೆ ಬಾಗಿಲು ಮತ್ತೆ ತೆರೆಯೋದಿಲ್ಲ.

“ಏನು ಮಹಾ,” ಅಂದಳು ಮಾಸೆಲ್ಲೋ. “ಮಳೆಗೆ ಇನ್ನು ಎರಡು ತಿಂಗಳಿದೆ. ಬರಿ, ಕರಗುತ್ತೆ, ಹೋಗಿ ತಾಯಿಯನ್ನ ನೋಡಿಕೊಂಡು ಬಾ.”

ಪುಲೆಂಗಿ ಮಣ್ಣು ತುಳಿದಳು, ಸಗಣಿ ಕಲಸಿದಳು, ಗೋಡೆಗೆ ಮೆತ್ತಿದಳು. ಉತ್ತ ಸಾಲು ಬರೆಯಬೇಕು ಅಂತ ಬೆರಳಿಟ್ಟಳು. ಬೆರಳು ಬಾಗಿತು. ಬಾಗಿದ ಗೆರೆ ಮೊರದಂಥ ಬೆಟ್ಟವಾಯಿತು. ಬೆಟ್ಟ ಬಂದ ಮೇಲೆ ನೀರು ಬಾರದೆ ಇರುತ್ತದೆಯೇ? ಐದು ಬೆರಳೂ ಇಟ್ಟು ಮೇಲಿಂದ ಕೆಳಕ್ಕೆ ಎಳೆದಳು, ಐದು ಮೆಟ್ಟಿಲು. ಬಾಗಿಲುಬಂಡೆ ಬರೆದಳು, ಮಡು ಬರೆದಳು, ಗವಿಯ ಜಿಂಕೆ ಬರೆದಳು. ಮಡುವಿನ ದಡದಲ್ಲಿ ಕೊಡ ಹೊತ್ತ ಒಬ್ಬ ಹೆಂಗಸನ್ನೂ ಬರೆದಳು. ಅದು ಯಾರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಬಿಟ್ಟೆ. ಮಣ್ಣು ಕಲಸುವಾಗ ಅವಳು ಇನ್ನೊಂದು ಕೆಲಸ ಮಾಡಿದ್ದಳು. ತುಂತುರೂರಲ್ಲಿ ಗೋಡೆ ಮೇಲೆ ದಿನಾ ನೀರು ಹಾರುತ್ತಲ್ಲ, ಬರೀ ಮಣ್ಣಾದರೆ ನಿಲ್ಲೋದಿಲ್ಲ. ಅದಕ್ಕೆ ಅಲ್ಲಿಯವರು ಲೋಳೆಸರ ಹಿಂಡಿ ಮಣ್ಣಿಗೆ ಬೆರೆಸುತ್ತಿದ್ದರು. ಪುಲೆಂಗಿಗೆ ಗೊತ್ತಿತ್ತು, ಇಲ್ಲಿ ಗೋಡೆ ಕರಗಬೇಕು ಅಂತ. ಆದರೂ ಮನಸ್ಸು ಕೇಳಬೇಕಲ್ಲ. ‘ಮೊದಲ ಮಳೆಗೇ ಹೋಗಿಬಿಟ್ಟರೆ ಹೆಂಗೆ, ಎರಡನೇ ಮಳೆ ತನಕ ಉಳೀಲಿ, ಒಂದು ನಾಲ್ಕು ದಿನ ಕಣ್ಣಿಗೆ ಕಾಣಲಿ’ ಅಂತ ಒಂದು ಬೊಗಸೆ ಲೋಳೆ ಹಿಂಡಿದಳು. ಯಾರಿಗೂ ಹೇಳಲಿಲ್ಲ.

ಗೋಡೆ ನೋಡಿ ಮಾಸೆಲ್ಲೋ ಸೊಂಟದ ಮೇಲೆ ಕೈಯಿಟ್ಟಳು. “ಸಾಲು ಎಲ್ಲಿ? ಕಾಳು ಎಲ್ಲಿ? ಇದೇನೇ, ಬೇಡಿಕೇನೋ ಸುಳ್ಳಿನ ಮೂಟೆಯೋ?”

“ತಪ್ಪಾಯಿತು ಅತ್ತೆಮ್ಮ. ಕೈ ಹಂಗೇ ಹೋಯಿತು.”

“ಹೋಗಲಿ ಬಿಡು, ಮಳೆ ಬಂದರೆ ಎಲ್ಲಾ ಒಂದೇ.”

ಮಳೆ ಬಂತು. ಊರ ಗೋಡೆಗಳೆಲ್ಲ ಕರಗಿ ಅಂಗಳದಲ್ಲಿ ಕೆಂಪು ನೀರು ಹರಿಯಿತು. ಹೆಂಗಸರು ಹಾಡು ಹೇಳಿದರು. ಪುಲೆಂಗಿಯ ಗೋಡೆ ಮಾತ್ರ ಮಿಂದ ಎಮ್ಮೆ ಹಾಗೆ ಫಳಫಳ ಅಂತ ನಿಂತಿತ್ತು. ಎರಡನೇ ಮಳೆ ಬಂತು, ಕರಗಲಿಲ್ಲ. ಮಳೆಗಾಲ ಮುಗಿಯಿತು, ಕರಗಲಿಲ್ಲ. ಬಯಲೂರ ಬಿಸಿಲಿಗೆ ಆ ಲೋಳೆ ಸುಟ್ಟ ಮಡಕೆಯ ಹಾಗೆ ಗಟ್ಟಿಯಾಗಿಬಿಟ್ಟಿತ್ತು.

ಎರಡನೇ ವರ್ಷ ಸೆಲ್ಲೋ ಸೂರಿನ ಹುಲ್ಲು ಕಿತ್ತು ಹಾಕಿದ, ಮಳೆ ನೇರ ಗೋಡೆಗೇ ಹೊಡೀಲಿ ಅಂತ. ಮನೆಯೊಳಗೆಲ್ಲ ಸೋರಿತು, ಹಾಸಿದ ಚಾಪೆ ತೇಲಿತು, ಗೋಡೆ ತೇಲಲಿಲ್ಲ. “ನನ್ನ ಮಗನಿಗೆ ಬುದ್ಧಿ ಯಾವಾಗ ಬರುತ್ತೋ,” ಅಂತ ಮಾಸೆಲ್ಲೋ ಬೈದುಕೊಂಡು ಮತ್ತೆ ಹುಲ್ಲು ಹೊದಿಸಿದಳು. ಮೂರನೇ ವರ್ಷವೂ ಹಾಗೇ ಆಯಿತು. “ಆ ಮನೆ ಹಿರೀಕರು ಮುಖ ತಿರುಗಿಸಿದಾರೆ,” ಅಂತ ಊರು ಆಡಿಕೊಂಡಿತು.

ಹೀಗೆ ಮೂರು ವರ್ಷ. ಪುಲೆಂಗಿ ನೀರು ತರುವಾಗ ಗೋಡೆ ನೋಡುತ್ತಿದ್ದಳು, ಕಸ ಗುಡಿಸುವಾಗ ಗೋಡೆ ನೋಡುತ್ತಿದ್ದಳು. ಮೊದಮೊದಲು ನೋಡಿದರೆ ಹಿತ, ಆಮೇಲಾಮೇಲೆ ನೋಡಿದರೆ ಉರಿ. ಊರು ನೋಡಬೇಕು ಅಂತ ಬರೆದ ಗೋಡೆಯೇ ಊರಿನ ದಾರಿಗೆ ಅಡ್ಡ ನಿಂತಿತ್ತಲ್ಲ. ಒಂದೊಂದು ಸಾರಿ ಆ ಕೊಡ ಹೊತ್ತ ಹೆಂಗಸಿನ ಮುಂದೆ ನಿಂತು, “ಅಮ್ಮಾ, ಕೊಡ ಕೆಳಗಿಡೇ, ಕತ್ತು ನೋಯುತ್ತೆ,” ಅಂತಿದ್ದಳಂತೆ.

ಇನ್ನೊಂದು ವಿಚಿತ್ರ ಕೇಳಿ. ಮಾಸೆಲ್ಲೋ ದಿನಾ ಸಂಜೆ ಜೋಳ ಕೇರೋಕೆ ಅಂತ ಮೊರ ಹಿಡಿದು ಹೊರಗೆ ಬರುತ್ತಿದ್ದಳು. ಹೊಲದ ಕಡೆಗೆ ಮುಖ ಮಾಡಿ ಕೂರುತ್ತಿದ್ದವಳು ಈಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು.

“ಈ ಬಂಡೆಯ ತೂತು ಎಷ್ಟು ಅಗಲ?”

“ಎರಡೆತ್ತು ಜೊತೆಯಾಗಿ ಹೋಗಬಹುದು ಅತ್ತೆಮ್ಮ.”

“ಸುಳ್ಳಿ!” ಅನ್ನೋಳು. ಒಂದಿಷ್ಟು ಕೇರೋಳು. ಮತ್ತೆ, “ನೊಗ ಕಟ್ಟಿಯೋ ಕಟ್ಟದೆಯೋ?” ಅನ್ನೋಳು.

ಮೂರನೇ ಮಳೆಗಾಲ ಮುಗಿದ ಮೇಲೆ ಉಪ್ಪು ಮಾರೋ ಒಬ್ಬ ತುಂತುರೂರ ಕಡೆಯಿಂದ ಬಂದ. ಬಂದವನು ಪುಲೆಂಗಿಗೆ ಹೇಳಿದ. “ತಂಗೀ, ನಿಮ್ಮ ತಾಯಿಯ ಕಣ್ಣಿಗೆ ಪೊರೆ ಬಂದಿದೆ. ಇನ್ನೂ ಅಲ್ಪಸ್ವಲ್ಪ ಕಾಣುತ್ತೆ. ಬರೋ ಮಳೆ ತನಕ ಕಾಣೋದು ಅನುಮಾನ. ಕಣ್ಣು ಮುಚ್ಚಿಹೋಗೋದರೊಳಗೆ ಮಗಳ ಮುಖ ಒಂದು ಸಾರಿ ನೋಡಬೇಕು ಅಂತ ಅಂದರು.”

ಪುಲೆಂಗಿ ಉಪ್ಪು ಅಳೆಯೋ ಸೇರನ್ನ ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಹೋಗಿ ಕುಸಿದಳು. ಉಗುರಿನಿಂದ ಕೆರೆಯೋಕೆ ಕೈಯೆತ್ತಿದಳು. ಮಾಸೆಲ್ಲೋ ಓಡಿ ಬಂದು ಕೈ ಹಿಡಿದುಕೊಂಡಳು.

“ಕೈ ಹಚ್ಚಬೇಡ ಕಣೇ! ಕೈ ಹಚ್ಚಿದರೆ ನಿನಗೆ ಈ ಮನೆ ಇಲ್ಲ.”

“ಅತ್ತೆಮ್ಮ, ಹಿರೀಕರು ಮುಖ ತಿರುಗಿಸಿಲ್ಲ. ನಾನೇ ಮಾಡಿದ್ದು. ಮಣ್ಣಿಗೆ ಲೋಳೆಸರ ಹಾಕಿದೆ. ಒಂದೇ ಒಂದು ಬೊಗಸೆ.”

“ಯಾಕೆ?”

“ಒಂದು ನಾಲ್ಕು ದಿನ ಹೆಚ್ಚಿಗೆ ನೋಡೋಣ ಅಂತ.”

ಮಾಸೆಲ್ಲೋ ಬೈತಾಳೆ ಅಂತ ಪುಲೆಂಗಿ ತಲೆ ತಗ್ಗಿಸಿದಳು. ಮಾಸೆಲ್ಲೋ ಬೈಯಲಿಲ್ಲ. ಗೋಡೆಯ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು. “ಲೋಳೆ ಹಾಕೋದನ್ನ ಯಾರು ಕಲಿಸಿದ್ದು?”

“ನಮ್ಮಮ್ಮ. ನಮ್ಮೂರಲ್ಲಿ ಎಲ್ಲರೂ ಹಾಕ್ತಾರೆ. ದಿನಾ ಮೇಲಿಂದ ತುಂತುರು ಬೀಳುತ್ತಲ್ಲ.”

“ಮೇಲಿಂದ ಅಂದರೆ? ಮುಗಿಲಿಂದಲೋ ಬಂಡೆಯಿಂದಲೋ?”

“ಕೆಳಗೆ ನಿಂತವರಿಗೆ ಎರಡೂ ಒಂದೇ ಅತ್ತೆಮ್ಮ. ನೆಲ ಮುಟ್ಟೋದೇ ಇಲ್ಲ, ಗಾಳಿಯಲ್ಲೇ ಬರುತ್ತೆ.”

“ನೆಲ ಮುಟ್ಟೋದೇ ಇಲ್ಲ,” ಅಂದಳು ಮಾಸೆಲ್ಲೋ. ಅಷ್ಟೇ ಅಂದಳು.

ಮಾರನೇ ದಿನ ಬೆಳಿಗ್ಗೆ, “ನಮ್ಮಕ್ಕನ ಮನೆಗೆ ಹೋಗ್ತೀನಿ,” ಅಂತ ಒಂದು ದೊಡ್ಡ ಸೋರೆಬುರುಡೆ ಹೆಗಲಿಗೆ ಹಾಕಿಕೊಂಡು ಹೊರಟಳು. ಐದು ದಿನ ಆಯಿತು, ಹತ್ತು ದಿನ ಆಯಿತು. ಸೆಲ್ಲೋ ಅಕ್ಕನ ಮನೆಗೆ ಹೋಗಿ ನೋಡಿದರೆ ಅಲ್ಲಿಗೆ ಬಂದೇ ಇಲ್ಲ! ಪುಲೆಂಗಿಗೆ ದಿಗಿಲು. ಒಂದು ಕಡೆ ತಾಯಿಯ ಕಣ್ಣು, ಇನ್ನೊಂದು ಕಡೆ ಅತ್ತೆಯ ದಾರಿ. ಸಂಜೆಯಾದರೆ ಎಲ್ಲೆಕಲ್ಲಿನ ಹತ್ತಿರ ಹೋಗಿ ನಿಲ್ಲೋಳು. ಎಲ್ಲೆ ದಾಟೋ ಹಾಗಿಲ್ಲ, ವಾಪಸ್ ಬರೋಕೆ ಕಾಲು ಏಳೋದಿಲ್ಲ.

ಹದಿನಾರನೇ ದಿನ ಬಯಲಲ್ಲಿ ಒಂದು ಚುಕ್ಕೆ ಕಂಡಿತು. ಚುಕ್ಕೆ ಇರುವೆಯಾಯಿತು, ಇರುವೆ ಹೆಂಗಸಾಯಿತು. ಮಾಸೆಲ್ಲೋ! ತಲೆಯ ಮೇಲೆ ಸೋರೆಬುರುಡೆ. ಕತ್ತು ಗೂಟದ ಹಾಗೆ ಸೆಟೆದುಕೊಂಡಿದೆ. ಕಾಲು ಬೊಬ್ಬೆ ಎದ್ದಿದೆ. ಪುಲೆಂಗಿ ಬುರುಡೆ ಇಳಿಸೋಕೆ ಹೋದಳು.

“ಮುಟ್ಟಬೇಡ! ಇದು ಏಳು ದಿನ ನೆಲ ಕಂಡಿಲ್ಲ. ಮಲಗೋವಾಗ ಮರದ ಕೊಂಬೆಗೆ ಕಟ್ಟಿದೀನಿ. ಮರ ಇಲ್ಲದ ಕಡೆ ಮಡಿಲಲ್ಲಿಟ್ಟುಕೊಂಡು ಕೂತೇ ನಿದ್ದೆ ಮಾಡಿದೀನಿ.”

“ಎಲ್ಲಿಗೆ ಹೋಗಿದ್ದಿರಿ ಅತ್ತೆಮ್ಮ?”

“ನಿಮ್ಮೂರಿಗೆ ಕಣೇ, ಸುಳ್ಳಿ. ಬೆಟ್ಟದಷ್ಟೆತ್ತರ ಅಂದಿದ್ದೆಯಲ್ಲ, ಸುಳ್ಳು. ಬೆಟ್ಟಕ್ಕಿಂತ ಎತ್ತರ. ಕತ್ತೆತ್ತಿ ನೋಡಿದೆ, ತಲೆಯ ಸೆರಗು ಹಿಂದಕ್ಕೆ ಬಿತ್ತು, ಇನ್ನೂ ಮೇಲಕ್ಕಿತ್ತು. ಬಾಗಿಲುಬಂಡೆಯಲ್ಲಿ ಎರಡೆತ್ತು ಅಂದೆಯಲ್ಲ, ಅದೂ ಸುಳ್ಳು. ಗಾಡಿ ಕಟ್ಟಿದ ನಾಲ್ಕೆತ್ತು ಹೋಗಬಹುದು. ನಾನೇ ಕೈ ಚಾಚಿಕೊಂಡು ಅತ್ತಿಂದಿತ್ತ ನಡೆದು ನೋಡಿದೆ.”

ತನ್ನ ಊರು ಬೇರೆಯವರ ಬಾಯಲ್ಲಿ ಬಂದರೆ ಹೇಗಿರುತ್ತೆ ನೋಡಿ. ನಿಂತಲ್ಲೇ ಪುಲೆಂಗಿಯ ಕಣ್ಣಲ್ಲಿ ನೀರು ಧಾರೆಧಾರೆ.

“ಅಮ್ಮ?” ಅಂದಳು ಕೊನೆಗೆ.

ಮಾಸೆಲ್ಲೋಳ ದನಿ ತಗ್ಗಿತು. “ನೋಡಿದೆ. ಒಂದು ಬಂಡೆ ಮೇಲೆ ಇಬ್ಬರೂ ಕೂತಿದ್ದೆವು. ಆಕೆ ನನಗೆ ಹೇಳಿದಳು, ‘ಊರವರು ದಿನಕ್ಕೆ ನೂರು ಸಾರಿ ಮಾಪುಲೆಂಗಿ, ಮಾಪುಲೆಂಗಿ ಅಂತ ಕರೀತಾರೆ. ನೂರು ಸಾರಿಯೂ ಮಗಳ ಹೆಸರು ಕಿವಿಗೆ ಬೀಳುತ್ತೆ. ತಿರುಗಿ ನೋಡಿದರೆ ಮಗಳಿಲ್ಲ.’ ನಡಿ, ನಡಿ. ಮುಖ ಗೇಣುದ್ದ ಹತ್ತಿರ ಹಿಡಿದರೆ ಈಗಲೂ ಗುರುತು ಸಿಗುತ್ತೆ. ತಡಮಾಡಿದರೆ ಸಿಗೋದಿಲ್ಲ.”

ಬುರುಡೆಯಲ್ಲಿದ್ದದ್ದು ಏನು ಅಂತ ನಿಮಗೆ ಗೊತ್ತಾಯಿತಲ್ಲ? ಮಾಸೆಲ್ಲೋ ನೀರಿನ ಬುಡದ ಬಂಡೆ ಹತ್ತಿ, ತುಂತುರು ಹಾರೋ ಕಡೆ ಬುರುಡೆ ಎತ್ತಿ ಹಿಡಿದು ಒಂದು ಇಡೀ ದಿನ ನಿಂತಿದ್ದಳಂತೆ. ಹನಿ ಹನಿ ಸೇರಿ ಬುರುಡೆ ತುಂಬಿತ್ತಂತೆ. ನೆಲ ಮುಟ್ಟದ ನೀರು.

ಊರ ಹಿರಿಯರು ಕೋಲೂರಿಕೊಂಡು ಬಂದರು. “ಮಾಸೆಲ್ಲೋ, ಇದು ಮಳೆಯಲ್ಲ. ಇದು ಹೊಳೆ ನೀರು.”

“ನೆಲ ಮುಟ್ಟಿದ್ದರೆ ಹೊಳೆ ನೀರು. ಮೇಲಿಂದ ಬಂತು, ಬುರುಡೆಗೆ ಬಿತ್ತು. ಮೇಲಿಂದ ಬೀಳೋ ನೀರಿಗೆ ಏನಂತಾರೆ ಹಿರಿಯರೇ? ನೀವು ಆ ಜಾಗ ನೋಡಿದೀರಾ?”

“ಇಲ್ಲ.”

“ನಾನು ನೋಡಿ ಬಂದಿದೀನಿ. ನೀವೂ ನೋಡಿಬಂದು ಆಮೇಲೆ ಹೇಳಿ. ಹದಿನಾಲ್ಕು ದಿನ ಬೇಕು, ಹೋಗಿಬನ್ನಿ.”

ಹಿರಿಯರು ತಮ್ಮ ಮೊಣಕಾಲು ನೋಡಿಕೊಂಡು ದಾರಿ ಬಿಟ್ಟರು.

ಮಾಸೆಲ್ಲೋ ಬುರುಡೆಯ ಮುಚ್ಚಳ ತೆಗೆದಳು. ಪುಲೆಂಗಿಗೆ ಆ ನೀರಿನ ವಾಸನೆ ಬಂತು. ಬಂಡೆ, ಪಾಚಿ, ತಂಪು. “ಅತ್ತೆಮ್ಮ, ಒಂದು ಗುಟುಕು,” ಅಂದಳು. ಮೂರು ವರ್ಷದ ದಾಹ ಅದು.

“ಕುಡಿದರೆ ಅಷ್ಟು ಕಮ್ಮಿಯಾಗುತ್ತೆ. ಆಮೇಲೆ ಗೋಡೆಗೆ ಸಾಲದೆ ಹೋದರೆ?”

ಪುಲೆಂಗಿ ಹಿಂದೆ ಸರಿದಳು. ಆದರೆ ಈಗ ಮಾಸೆಲ್ಲೋಳ ಕೈ ಏಳಲಿಲ್ಲ. ಮೂರು ವರ್ಷ ಸಂಜೆ ಸಂಜೆ ನೋಡಿದ ಗೋಡೆ. ಹೋಗಿ ಕಣ್ಣಾರೆ ಕಂಡು ಬಂದ ಮೇಲೆ ಇನ್ನೂ ಹತ್ತಿರವಾದ ಗೋಡೆ. ಇದು ಹೋದರೆ ಬಯಲಲ್ಲಿ ಮತ್ತೆ ಬರೀ ಬಯಲು. ಮೇಲಿನ ಮೆಟ್ಟಿಲಿಂದ ಕೆಳಗಿನ ಮೆಟ್ಟಿಲಿಗೆ, ಜಿಂಕೆಯಿಂದ ಬಂಡೆಗೆ, ಒಂದೊಂದನ್ನೂ ನೋಡಿದಳು. “ಚೆನ್ನಾಗಿ ಬರೆದಿದ್ದೆ ಕಣೇ,” ಅಂದಳು. ಅಂದು, ಬುರುಡೆ ಎತ್ತಿ ಗೋಡೆಯ ನೆತ್ತಿಯ ಮೇಲೆ ಸುರಿದಳು.

ಮೂರು ಮಳೆಗಾಲಕ್ಕೆ ಜಗ್ಗದ ಗೋಡೆ ಒಂದು ಬುರುಡೆ ನೀರಿಗೆ ಜಗ್ಗುತ್ತದೆಯೇ ಅಂತ ಕೇಳ್ತೀರಿ. ತನ್ನೂರ ನೀರಿನ ಗುರುತು ಸಿಕ್ಕಿತಂತೆ ಅದಕ್ಕೆ. ಬೆಟ್ಟ ಸಡಿಲವಾಯಿತು, ಐದು ಮೆಟ್ಟಿಲೂ ಒಂದರ ಮೇಲೊಂದು ಇಳಿದವು, ಜಿಂಕೆ ಓಡಿದವು, ಬಂಡೆಯ ಬಾಗಿಲು ತೆರೆದುಕೊಂಡು ಹರಿದು ಹೋಯಿತು. ಎಲ್ಲಕ್ಕಿಂತ ಕೊನೆಗೆ ಕರಗಿದ್ದು ಆ ಕೊಡ ಹೊತ್ತ ಹೆಂಗಸು. ಅಂಗಳದ ತುಂಬಾ ಕೆಂಪು ನೀರು. ಅಂದು ನಕ್ಕಿದ್ದ ಹೆಂಗಸರೇ ಬಂದು ಹಾಡು ಹೇಳಿದರಂತೆ.

ಆ ಗಳಿಗೆಯಲ್ಲೇ ಪುಲೆಂಗಿ, ಸೆಲ್ಲೋ ಹೊರಟರು. ಏಳು ದಿನದ ದಾರಿ ಐದು ದಿನಕ್ಕೆ ನಡೆದರು. ಬಾಗಿಲುಬಂಡೆ ದಾಟುವಾಗ ನೀರಿನ ಮೊರೆತ ಕಿವಿಗೆ ಬಿತ್ತು. ಪುಲೆಂಗಿ ಓಡಿದಳು. ತಾಯಿ ಮಡುವಿನ ದಡದಲ್ಲಿ ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಿ, “ಯಾರಪ್ಪಾ?” ಅಂದಳು. ಪುಲೆಂಗಿ ಮಂಡಿಯೂರಿ ಕೂತು ತನ್ನ ಮುಖವನ್ನ ತಾಯಿಯ ಮುಖಕ್ಕೆ ಗೇಣುದ್ದ ಹತ್ತಿರ ತಂದಳು. ತಾಯಿ ನೋಡಿದಳು. ಹಣೆ ನೋಡಿದಳು, ಹುಬ್ಬು ನೋಡಿದಳು, ಮೂಗು ನೋಡಿದಳು. “ಇಷ್ಟು ಬಡವಾಗಿದೀಯಲ್ಲೇ,” ಅಂದಳು.

ಎರಡು ತಿಂಗಳು ಪೂರಾ ಆಕೆ ಮಗಳ ಮುಖ ನೋಡಿದಳಂತೆ. ಆಮೇಲೆ ಕಣ್ಣು ಮುಚ್ಚಿಹೋಯಿತು. “ಹೋಗಲಿ ಬಿಡು, ನೋಡೋದು ನೋಡಿಯಾಯಿತು,” ಅಂದಳಂತೆ.

ಆಮೇಲೆ ಯಾರು ಯಾರು ಏನಾದರು ಅಂತ ಕೇಳಿ. ನೆರೆಮನೆ ಮುದುಕಿ ತನ್ನ ಮೊಮ್ಮಗನಿಗೆ ತುಂತುರೂರಿಂದಲೇ ಹೆಣ್ಣು ತಂದಳು, ಆ ಹುಡುಗಿಯ ಗಂಟಿನಲ್ಲಿ ಲೋಳೆಸರ ಇದೆಯಾ ಅಂತ ಮೊದಲು ಬಿಚ್ಚಿ ನೋಡಿದಳು. ಸೆಲ್ಲೋ ದನ ಕಾಯುತ್ತಾ, ಮಕ್ಕಳನ್ನ ಹೆಗಲ ಮೇಲೆ ಹೊರುತ್ತಾ ಚೆನ್ನಾಗಿದ್ದ, ಹೋರಿ ಆಗಾಗ ತಪ್ಪಿಸಿಕೊಳ್ಳುತ್ತಿತ್ತು. ಮಾಸೆಲ್ಲೋ ವರ್ಷ ವರ್ಷ ಸೊಸೆ ತವರಿಗೆ ಹೊರಟರೆ ಸೊಸೆಗಿಂತ ಮುಂಚೆ ತಾನೇ ಗಂಟು ಕಟ್ಟುತ್ತಿದ್ದಳು. ಒಂದು ವರ್ಷ ಹೋದವಳು ತಿರುಗಿ ಬರಲೇ ಇಲ್ಲ. “ಈ ಕುರುಡಿಗೆ ಯಾರೂ ಇಲ್ಲ, ನಾನಿರ್ತೀನಿ,” ಅಂತ ಅಲ್ಲೇ ಉಳಿದುಬಿಟ್ಟಳು. ಹೊತ್ತು ಮುಳುಗುವಾಗ ಇಬ್ಬರು ಮುದುಕಿಯರೂ ಬಂಡೆ ಮೇಲೆ ಕೂರೋರು. “ಈಗ ನೀರು ಹಳದಿಯಾಯಿತು ಮಾಪುಲೆಂಗಿ. ಈಗ ಕೆಂಪಾಯಿತು. ಈಗ ಸೂರ್ಯ ಬಗ್ಗಿದ, ತೂತಿಗೆ ತಲೆ ಹಾಕಿದ, ಹೋದ,” ಅಂತ ಮಾಸೆಲ್ಲೋ ಹೇಳೋಳು, ಆಕೆ ಹೂಂ ಅನ್ನೋಳು. ಅದೇ ಊರಲ್ಲಿ ಹುಟ್ಟಿದವಳು ಎಂದೂ ತಿರುಗಿ ನೋಡದೆ ಇದ್ದದ್ದನ್ನೆಲ್ಲ ಬಯಲೂರಿನವಳ ಕಣ್ಣಲ್ಲಿ ನೋಡಿದಳಂತೆ.

ಪುಲೆಂಗಿ ಬಯಲೂರಲ್ಲಿ ಉಳಿದಳು. ಮಣ್ಣಿಗೆ ಸಗಣಿ ಬಿಟ್ಟು ಇನ್ನೇನೂ ಹಾಕದೆ ಪ್ರತಿ ವರ್ಷ ಗೋಡೆ ಮೆತ್ತಿದಳು, ಉತ್ತ ಸಾಲು ಬರೆದಳು, ಬಿತ್ತಿದ ಕಾಳು ಬರೆದಳು. ಮೊದಲ ಮಳೆಗೇ ಅದು ಕರಗಿ ಹೋಗುತ್ತಿತ್ತು. ಕರಗಿದ ಮಾರನೇ ದಿನವೇ ಅವಳು ಇಬ್ಬರು ತಾಯಂದಿರನ್ನ ನೋಡೋಕೆ ಹೊರಡುತ್ತಿದ್ದಳಂತೆ.

ಅವರ ದಾರಿ ಅವರಿಗೆ ತಂಪಾಗಿರಲಿ, ನಮ್ಮ ಸೂರು ನಮಗೆ ಬೆಚ್ಚಗಿರಲಿ. ಹೂಂಗುಟ್ಟಿದ ಬಾಯಿಗೆ ಬೆಲ್ಲ, ಹೇಳಿದ ಬಾಯಿಗೆ ಒಂದು ಲೋಟ ನೀರು ಕೊಡಿ.